ಹಳೆಯ ಮೋಟಾರಿನ ಸಂಸಾರ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆಯಲ್ಲಿ ನಾವು ಮಾತನಾಡಬೇಕೆಂದು ಹೇಳುವುದಕ್ಕಾಗಿ ಕಾರ್ಯದರ್ಶಿಗಳು ರಬಾಳೆಯ ನಮ್ಮ ಮನೆಗೆ ಬಂದ ದಿನ ನಾವು ಕಟ್ಟಡದ ಕೆಳಗೆ, ಕಾರಿನ ಅಡಿಯಲ್ಲಿ ಬೆನ್ನ ಮೇಲೆ ಮಲಗಿದ್ದೆವು. ಅವರಿಗೆ ಕಂಡದ್ದು ನಮ್ಮ ಎರಡು ಕಾಲುಗಳು ಮಾತ್ರ. ಅವರು ಆ ಕಾಲುಗಳೊಡನೆಯೇ ಸಂಭಾಷಣೆ ನಡೆಸಿ, "ಸಾಹಿತ್ಯ, ಸಂಗೀತ ಎಲ್ಲವೂ ಆಯಿತು, ಈ ಸಲ ನೀವು ಅಲ್ಲಿ ಕೆಳಗೆ ಏನು ಮಾಡುತ್ತಿದ್ದೀರೋ ಅದನ್ನೇ ಹೇಳಿಬಿಡಿ" ಎಂದು ಅಪ್ಪಣೆ ಕೊಟ್ಟು ಹೊರಟುಹೋದರು. ಆದಕಾರಣ ಇಂದು ನೀವು ಕೇಳಬೇಕಾಗಿರುವುದು ಗ್ರೀಸು, ತುಕ್ಕು, ಪೆಟ್ರೋಲುಗಳ ಕಥೆ.

ಹಳೆಯ ಕಾರು ಎಂದೊಡನೆ ಅರಮನೆಯ ರೋಲ್ಸ್ ರಾಯ್ಸ್, ಹಿತ್ತಾಳೆಯ ದೀಪ, ಟೊಪ್ಪಿಗೆಯ ಸಾರಥಿ ಇವರನ್ನೆಲ್ಲ ತಾವು ನೆನೆಯಬಾರದು. ಅಂಥವನ್ನು ನೋಡಬೇಕೆಂಬವರು ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಸಂಗ್ರಹವನ್ನು ನೋಡಬಹುದು. 'ವಿಂಟೇಜ್' ಎಂಬ ಬಿರುದು ಬಲ್ಲವರ ಲೆಕ್ಕದಲ್ಲಿ 1919ರಿಂದ 1930ರವರೆಗಿನ ಗಾಡಿಗಳಿಗೆ ಮಾತ್ರ ಸಲ್ಲತಕ್ಕದ್ದು. ನಮ್ಮದು 1969ರ ಫಿಯೆಟ್ 1100 ಡಿಲೈಟ್. ನಮ್ಮ ಮಾವನವರು ಹೆಸರು ಬರೆಯಿಸಿ, ವರ್ಷಗಟ್ಟಳೆ ಸರದಿ ಕಾದು, ಕೊನೆಗೆ ಮನೆಗೆ ತಂದದ್ದು. ನಾಲ್ಕು ಸಿಲಿಂಡರು, 1089 ಸಿ.ಸಿ., ಸ್ಟೇರಿಂಗಿನ ಪಕ್ಕದಲ್ಲಿ ಗೇರಿನ ಹಿಡಿ, ಮುಂದೆ ಬೆಂಚಿನಂಥ ಸೀಟು. ನಮ್ಮ ಮನೆಯವರು ಹುಡುಗಿಯಾಗಿದ್ದಾಗ ಅದರಲ್ಲಿ ಕುಳಿತು ಶಾಲೆಗೆ ಹೋದವರು. ನಾವು ಅಳಿಯನಾಗಿ ಬಂದ ಮೇಲೆ ಅದರ ಅಡಿಯಲ್ಲಿ ಮಲಗಿದವರು.

ಈ ಗಾಡಿಯ ಕುಲಗೋತ್ರದಲ್ಲಿ ಕನ್ನಡಿಗರಿಗೆ ಒಂದು ಸಣ್ಣ ಪಾಲಿದೆ. ರಾಜ್ಯೋತ್ಸವದ ಸಂಚಿಕೆಗೆ ಈ ಮಾತು ಸಲ್ಲುವುದೆಂದು ಹೇಳುತ್ತೇವೆ. ಭಾರತದಲ್ಲಿ ಮೋಟಾರು ಕಾರಖಾನೆ ಆಗಲೇಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಅಲ್ಲಿಯ ಕಾರಖಾನೆಗಳನ್ನು ಕಣ್ಣಾರೆ ಕಂಡು ಯೋಜನೆಯೊಂದನ್ನು ಸಿದ್ಧಪಡಿಸಿದರು. ಮುಂಬಯಿಯಲ್ಲಿ ಅದಕ್ಕೆ ಹೆಗಲುಕೊಟ್ಟವರು ವಾಲಚಂದ್ ಹೀರಾಚಂದರು. ಮೈಸೂರು ಸರಕಾರವೂ ಕೈಜೋಡಿಸಲು ಮುಂದೆ ಬಂದಿತ್ತು. ಆದರೆ ಯುದ್ಧದ ಕಾಲದ ಬ್ರಿಟಿಷ್ ಸರಕಾರಕ್ಕೆ ಅದು ಹಿತವಾಗಲಿಲ್ಲ. ವಾಲಚಂದರು 1940ರಲ್ಲಿ ಮೈಸೂರು ಸರಕಾರದೊಡನೆ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯನ್ನು ಹೂಡಿದರು. ಮೋಟಾರಿನದು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಿಂದ ಹುಟ್ಟಿ ಕುರ್ಲಾದಲ್ಲಿ ನೆಲೆನಿಂತಿತು. ಮೊದಲು ಅಮೆರಿಕದ ಕ್ರೈಸ್ಲರ್ ಮನೆತನದ ಗಾಡಿಗಳು, ಆಮೇಲೆ ಇಟಲಿಯ ಫಿಯೆಟ್. 1964ರಲ್ಲಿ ಡಿಲೈಟ್ ಬಂತು. ಅದೇ ಗಾಡಿ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಧರಿಸಿ ಸುಮಾರು 2000ದವರೆಗೆ ಬಾಳಿತು. ಡೊಂಬಿವಲಿಯಿಂದ ಬಂದಿರುವ ಬಂಧುಗಳಿಗೆ ಅಲ್ಲಿಯ ಪ್ರೀಮಿಯರ್ ಕಾರಖಾನೆಯೂ ನೆನಪಿದ್ದೀತು. ಇಷ್ಟು ಸಾಕು, ವಂಶಾವಳಿ ಓದುವುದಕ್ಕೆ ನಾವು ಬಂದವರಲ್ಲ.

ಹಳೆಯ ಕಾರನ್ನು ಇಟ್ಟುಕೊಂಡವನಿಗೆ ಹಣ ಬೇಕು, ಪುರುಸೊತ್ತು ಬೇಕು, ತಾಳ್ಮೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಇನ್ನೊಂದಿದೆಯೆಂದು ನಮಗೆ ತಿಳಿದದ್ದು ಬಹಳ ತಡವಾಗಿ. ಅದು, ಊರಿನ ತುಂಬ ಅಂಥವೇ ಗಾಡಿಗಳು ಹೊಟ್ಟೆಪಾಡಿಗಾಗಿ ಓಡಾಡುತ್ತಿರಬೇಕು ಎಂಬುದು. ಮುಂಬಯಿಯ ಹಳದಿ ಕಪ್ಪು ಟ್ಯಾಕ್ಸಿಗಳೆಲ್ಲ ಬಹುಮಟ್ಟಿಗೆ ನಮ್ಮ ಗಾಡಿಯ ಅಣ್ಣತಮ್ಮಂದಿರೇ ಆಗಿದ್ದ ಕಾಲದಲ್ಲಿ ನಮಗೆ ಯಾವ ಚಿಂತೆಯೂ ಇರಲಿಲ್ಲ. ಕ್ಲಚ್ ಪ್ಲೇಟು ಬೇಕೆ? ಒಪೇರಾ ಹೌಸಿನ ಬಳಿಯ ಅಂಗಡಿಯಲ್ಲಿ ಹೊಸದು. ಬಾಗಿಲಿನ ಹಿಡಿ ಬೇಕೆ? ಕುರ್ಲಾದ ಗುಜರಿ ಸಾಲಿನಲ್ಲಿ ಹಳೆಯದು. ಹುಟ್ಟಿದ ಊರಿನಲ್ಲೇ ಅದರ ಮೂಳೆಗಳೂ ದೊರೆಯುತ್ತಿದ್ದವು. ದಾರಿಯಲ್ಲಿ ನಿಂತರೆ ಹಿಂದಿನ ಟ್ಯಾಕ್ಸಿಯವನೇ ಇಳಿದುಬಂದು, ಬಾನೆಟ್ ಎತ್ತಿ, ಪಾಯಿಂಟಿಗೆ ಉಪ್ಪುಕಾಗದ ಉಜ್ಜಿ, "ಹಾಂ, ಈಗ ಹೊಡೀರಿ ಸೆಲ್ಫ್" ಎನ್ನುತ್ತಿದ್ದ. ಆ ವಿದ್ಯೆಗೆ ಅವನು ಕಾಸು ಕೇಳುತ್ತಿರಲಿಲ್ಲ.

ಆಮೇಲೆ ಟ್ಯಾಕ್ಸಿಗಳಿಗೆ ವಯಸ್ಸಿನ ಕಟ್ಟು ಬಂತು. 2008ರಲ್ಲಿ 25 ವರ್ಷ ಎಂದರು. 2013ರಲ್ಲಿ ಅದನ್ನು 20ಕ್ಕೆ ಇಳಿಸಿದರು. ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷ ತುಂಬಿ 2023ರ ಅಕ್ಟೋಬರ್ 30ರಿಂದ ಅದೂ ಬೀದಿಯಿಂದ ಮರೆಯಾಯಿತು. ಪತ್ರಿಕೆಗಳು ಚಿತ್ರ ಹಾಕಿ ಕಣ್ಣೀರಿಟ್ಟವು. ನಮಗೆ ಕಣ್ಣೀರಿಗಿಂತ ಹೆಚ್ಚಾಗಿ ಭಯ ಹುಟ್ಟಿತು. ಏಕೆಂದರೆ ಆ ಸಾವಿರಾರು ಬಡ ಗಾಡಿಗಳು ದಿನವೂ ಸವೆಸುತ್ತಿದ್ದ ಬಿಡಿಭಾಗಗಳ ಮೇಲೆಯೇ ನಮ್ಮ ಹವ್ಯಾಸದ ಗಾಡಿ ಬದುಕಿತ್ತು. ಬಳಸುವ ಬಡವರು ಹೋದ ಮೇಲೆ ಉಳಿಸುವ ರಸಿಕರು ಎಷ್ಟು ದಿನ? (ಇದು ಭಾಷೆಗೂ ಅನ್ವಯಿಸುತ್ತದಲ್ಲವೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳುತ್ತಿದ್ದಾರೆ. ಆ ಭಾಷಣಕ್ಕೆ ಮುಂದಿನ ತಿಂಗಳು ಬೇರೆ ಪಂಡಿತರು ಬರುತ್ತಾರೆ.)

ಮಾರುಕಟ್ಟೆಯಲ್ಲಿ ಭಾಗಗಳು ಸಿಗುವುದೇ ಇಲ್ಲವೆಂದಲ್ಲ. ಸಿಗುತ್ತವೆ, ಆದರೆ ಹಲವು ಭಾಗಗಳು ನೋಟಕ್ಕೆ ಮಾತ್ರ ಭಾಗಗಳು. ಇದರ ಪಾಠ ನಮಗೆ 2022ರ ಮೇ ತಿಂಗಳಿನಲ್ಲಿ ಆಯಿತು. ನೀರಿನ ಪಂಪು ಸೋರುತ್ತಿದೆಯೆಂದು ಹೊಸದೊಂದನ್ನು ಕೊಂಡು ಹಾಕಿದೆವು. ಮೂರು ವಾರ ಕಳೆದಿರಲಿಲ್ಲ. ಠಾಣೆ ಬೇಲಾಪುರ ರಸ್ತೆಯಲ್ಲಿ, ಮಧ್ಯಾಹ್ನದ ಎರಡು ಗಂಟೆಯ ಬಿಸಿಲಿನಲ್ಲಿ, ಮುಂದೆ ಲಾರಿ ಹಿಂದೆ ಲಾರಿ ಇರುವಾಗ ಉಷ್ಣತೆಯ ಮುಳ್ಳು ಮೇಲಕ್ಕೆ ಹತ್ತತೊಡಗಿತು. ಬಲ್ಲವರು ಆ ಕ್ಷಣದಲ್ಲೇ ಇಂಜಿನು ಆರಿಸುತ್ತಾರೆ. ನಾವು ಬಲ್ಲವರೇ. ಆದರೂ ಇನ್ನೇನು ಮನೆ ಹತ್ತಿರ ಬಂತಲ್ಲ ಎಂಬ ಆಸೆಯಿಂದ ಇನ್ನೂ ಒಂದು ಮೈಲು ಓಡಿಸಿದೆವು. ಈ ಗಾಡಿಯ ಬ್ಲಾಕು ಬೀಡುಕಬ್ಬಿಣದ್ದು, ಮೇಲಿನ ಹೆಡ್ಡು ಅಲ್ಯೂಮಿನಿಯಮಿನದು. ಬಿಸಿ ಮಿತಿಮೀರಿದರೆ ಅಲ್ಯೂಮಿನಿಯಮು ಹೆಚ್ಚು ಹಿಗ್ಗಿ, ಕೆಳಗಿನ ಕಬ್ಬಿಣಕ್ಕೆ ಬಿಗಿದಿರುವುದರಿಂದ ಸೊಟ್ಟಗಾಗುತ್ತದೆ. ನಡುವಿನ ಗ್ಯಾಸ್ಕೆಟ್ಟು ಹರಿಯುತ್ತದೆ. ನೀರು ಸಿಲಿಂಡರಿಗೆ ಇಳಿಯುತ್ತದೆ. ಇಷ್ಟೂ ಆ ಒಂದು ಮೈಲಿನಲ್ಲಿ ಆಯಿತು. ಬಿಳಿಯ ಹೊಗೆ ಕಾರುತ್ತ ಗಾಡಿ ನಿಂತಿತು.

ರಬಾಳೆಯನ್ನು ತಾವೆಲ್ಲ ಟ್ರಾನ್ಸ್ ಹಾರ್ಬರ್ ರೈಲಿನ ಕಿಟಕಿಯಿಂದ ಕಂಡವರು. ಒಂದು ಕಡೆ ಪಾರಸಿಕದ ಗುಡ್ಡ, ಇನ್ನೊಂದು ಕಡೆ ಖಾಡಿ, ನಡುವೆ ರೈಲು, ರಸ್ತೆ, ಎಂ.ಐ.ಡಿ.ಸಿ. ನೋಡಿ ಹಿಗ್ಗುವಂಥ ಊರಲ್ಲ. ಆದರೆ ಹಳೆಯ ಕಾರಿನವನಿಗೆ ಅದರ ಒಳಗಲ್ಲಿಗಳು ಕಾಶಿಗೆ ಸಮಾನ. ಅಲ್ಲಿ ಒಂದು ಶೆಡ್ಡಿನಲ್ಲಿ ಲೇತು, ಪಕ್ಕದ್ದರಲ್ಲಿ ವೆಲ್ಡಿಂಗು, ಅದರಾಚೆ ರಬ್ಬರು ಒತ್ತುವವರು, ಮುಲಾಮು ಮಾಡುವವರು. ದೊಡ್ಡ ಕಾರಖಾನೆಗಳಿಗೆ ಬೇಕಾದ ಸಣ್ಣ ಸಾಮಾನು ಮಾಡಿಕೊಟ್ಟು ಬದುಕುವ ಮಂದಿ ಅವರು. ಹತ್ತು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದರೂ ನಾವು ಅವರ ಬಾಗಿಲು ತಟ್ಟಿರಲಿಲ್ಲ. ಅಂದು ಗಾಡಿಯನ್ನು ನೂಕಿಸಿಕೊಂಡು ನೆರಳು ಸಿಕ್ಕಲ್ಲಿ ನಿಲ್ಲಿಸಿದಾಗ ಎದುರಿಗಿದ್ದದ್ದು ಒಂದು ಲೇತಿನ ಶೆಡ್ಡು.

ನಾವು ಮನೆಗೆ ಫೋನು ಮಾಡಿ, "ಊಟಕ್ಕೆ ಕಾಯಬೇಡ, ನಿನ್ನ ಅಪ್ಪನ ಗಾಡಿ ಉಸಿರು ಬಿಟ್ಟಿತು" ಎಂದು ಹೇಳುತ್ತಿದ್ದಂತೆ ಲೇತಿನ ಸದ್ದು ನಿಂತಿತು.

"ಸಾಹೇಬ್ರ, ಕನ್ನಡದವ್ರೇನ್ರಿ?"

"ಹೌದು, ಉಡುಪಿ ಕಡೆಯವರು."

"ಕಡಿ ಯಾವುದರೆ ಇರ್ಲಿ ಬಿಡ್ರಿ. ನಮ್ದು ಇಂಡಿ ತಾಲೂಕ್ರಿ. ಮೊದ್ಲ ಒಳಗ ಬರ್ರಿ, ನೀರು ಕುಡೀರಿ. ಗಾಡಿ ತಣ್ಣಗಾಗೂ ತನಕಾ ಅದನ್ನ ಮುಟ್ಟೂದು ಬ್ಯಾಡ."

ಈ ಕೊನೆಯ ವಾಕ್ಯದಿಂದಲೇ ನಮಗೆ ಮನುಷ್ಯನ ಗುಣ ಗೊತ್ತಾಯಿತು. ಕಾದ ಇಂಜಿನಿಗೆ ತಣ್ಣೀರು ಹೊಯ್ಯುವವನು ಮೆಕ್ಯಾನಿಕನಲ್ಲ, ಶತ್ರು. ಆ ಶೆಡ್ಡಿನವರು ಮೋಟಾರಿನವರಲ್ಲ. ಪಂಪುಗಳಿಗೂ ವಾಲ್ವುಗಳಿಗೂ ಬೇಕಾದ ತಿರುಗಣೆಯ ಕೆಲಸ ಅವರದು. ನಾವು ಬಿಸಾಡದೆ ಡಿಕ್ಕಿಯಲ್ಲಿ ಇಟ್ಟಿದ್ದ ಹಳೆಯ ಪಂಪನ್ನು ಅವರು ಬೆಳಕಿಗೆ ಹಿಡಿದು ನೋಡಿ, ಹೊಸದನ್ನೂ ಪಕ್ಕದಲ್ಲಿಟ್ಟು ಅಳೆದು, "ಹೊಸಾದು ಹಳೇದಕ್ಕಿಂತ ಹಳೇದೈತ್ರಿ" ಎಂದರು. ಹೊಸದರ ಬೇರಿಂಗು ಕೂರುವ ಗುಳಿಯೇ ಸರಿಯಾಗಿ ನಡುವಿನಲ್ಲಿರಲಿಲ್ಲ. ಆದಕಾರಣ ಚಕ್ರ ಓಲಾಡಿ ಸೀಲು ಹರಿದಿತ್ತು. ಹಳೆಯದರಲ್ಲಿ ಎರಕ ಗಟ್ಟಿ. ಗುಳಿ ಮಾತ್ರ ಸವೆದಿತ್ತು. ಅವರು ಅದನ್ನು ಲೇತಿಗೆ ಕಟ್ಟಿ, ಗುಳಿಯನ್ನು ಸ್ವಲ್ಪ ಅಗಲಿಸಿ, ಅದರೊಳಕ್ಕೆ ತೆಳುವಾದ ಬಳೆಯೊಂದನ್ನು ತಿರುವಿ ಒತ್ತಿ ಕೂರಿಸಿ, ಆ ಬಳೆಯ ಒಳಮೈಯನ್ನು ಹೊಸ ಬೇರಿಂಗಿನ ಅಳತೆಗೆ ಮತ್ತೆ ಕೊರೆದರು. ಮಿಲಿಮೀಟರಿನ ನೂರರಲ್ಲೊಂದು ಭಾಗದ ಲೆಕ್ಕ ಅದು. ನಾವು ಎರಡು ತಾಸು ಡಬ್ಬದ ಮೇಲೆ ಕುಳಿತು ನೋಡಿದೆವು.

ಹೆಡ್ಡಿನ ಕೆಲಸಕ್ಕೆ ನಮ್ಮ ಹಳೆಯ ಉಸ್ತಾದರನ್ನು ಕರೆಸಿದೆವು. ಐವತ್ತು ವರ್ಷ ಟ್ಯಾಕ್ಸಿಗಳನ್ನು ಬಿಚ್ಚಿ ಕಟ್ಟಿದ ಮುದುಕರು. ಕಣ್ಣು ಮಂದ, ಬೆರಳು ಚುರುಕು. ಬಿಚ್ಚುವಾಗ ಹೆಡ್ಡಿನ ನಟ್ಟುಗಳನ್ನು ಒಂದೇ ಸಲ ಸಡಿಲಿಸದೆ, ಅಡ್ಡಡ್ಡವಾಗಿ, ಸ್ವಲ್ಪಸ್ವಲ್ಪವಾಗಿ ಸಡಿಲಿಸಿದರು. ಬಿಗಿಯುವಾಗ ನಡುವಿನಿಂದ ಆರಂಭಿಸಿ ಹೊರಕ್ಕೆ, ಮೂರು ಸುತ್ತಿನಲ್ಲಿ. ಉಕ್ಕಿನ ನೇರ ಪಟ್ಟಿಯನ್ನು ಹೆಡ್ಡಿನ ಮೇಲಿಟ್ಟು, ಅಡಿಯಲ್ಲಿ ಫೀಲರ್ ಗೇಜಿನ ಎಲೆ ತೂರಿಸಿದಾಗ ಸೊಟ್ಟ ಎಷ್ಟೆಂಬುದು ತಿಳಿಯಿತು. ಮೈ ಹೆರೆದು ಸಮ ಮಾಡಿಸಿದೆವು. ಇದನ್ನು ಎಷ್ಟು ಸಲ ಬೇಕಾದರೂ ಮಾಡುವಂತಿಲ್ಲ. ಪ್ರತಿ ಸಲವೂ ಹೆಡ್ಡು ತೆಳ್ಳಗಾಗುತ್ತದೆ. "ಈ ಹೆಡ್ಡಿಗೆ ಇನ್ನೊಂದು ಸಲ ಕ್ಷಮೆಯಿದೆ, ಎರಡನೆಯ ಸಲ ಇಲ್ಲ" ಎಂದು ಉಸ್ತಾದರು ನಮ್ಮ ಮುಖ ನೋಡಿ ಹೇಳಿದರು. ಅಂದಿನಿಂದ ನಮ್ಮ ಕಣ್ಣು ರಸ್ತೆಗಿಂತ ಹೆಚ್ಚಾಗಿ ಆ ಮುಳ್ಳಿನ ಮೇಲಿರುತ್ತದೆಯೆಂದು ಮನೆಯವರ ದೂರು.

ಇಂಜಿನಿನ ರೋಗ ಸದ್ದು ಮಾಡಿ ಬರುತ್ತದೆ. ತುಕ್ಕು ಹಾಗಲ್ಲ. ಈ ಗಾಡಿಗೆ ಬೇರೆಯಾದ ಚಾಸಿ ಇಲ್ಲ. ನೆಲ, ಬಾಗಿಲ ಕೆಳಗಿನ ಹೊಸ್ತಿಲುಗಳು, ಕಂಬಗಳು, ಮಾಡು, ಎಲ್ಲವೂ ಕೂಡಿಯೇ ಅದರ ಎಲುಬು. ಖಾಡಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಹೊಸ್ತಿಲಿನ ಟೊಳ್ಳಿನಲ್ಲಿ ನಿಂತ ಕೆಸರು ಇವು ಮೂರೂ ಸೇರಿದರೆ ಒಳಗಿನಿಂದ ತಿನ್ನತೊಡಗುತ್ತವೆ. ಹೊರಗೆ ಬಣ್ಣ ಗುಳ್ಳೆಯೇಳುವಾಗ ಒಳಗೆ ಊಟ ಮುಗಿದಿರುತ್ತದೆ. ಅಂಥ ಗುಳ್ಳೆ ಎದ್ದಾಗ ನಾವು ಮಾಡಿದ್ದೇನು? ನಾಚಿಕೆಯಿಂದ ಹೇಳುತ್ತೇವೆ: ಕೆರೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆದೆವು. ಮೂರು ಮಳೆಗಾಲ ಹೀಗೆ ನಡೆಯಿತು. ನಾಲ್ಕನೆಯ ವರ್ಷ ಚಕ್ರ ಬಿಚ್ಚಬೇಕೆಂದು ಜಾಕು ಕೊಟ್ಟು ತಿರುಗಿಸಿದರೆ ಗಾಡಿ ಏಳಲಿಲ್ಲ. ಜಾಕೇ ಹೊಸ್ತಿಲನ್ನು ತೂತುಮಾಡಿಕೊಂಡು ಒಳಗೆ ಹೋಯಿತು. ಕೈಹಾಕಿದರೆ ತಗಡು ಹಪ್ಪಳದಂತೆ ಮುರಿದು ಬಂತು.

ಬಂದು ನೋಡಿದ ಇಬ್ಬರು ಮೂವರು ಒಂದೇ ಮಾತು ಹೇಳಿದರು: ಗುಜರಿಗೆ ಕೊಡಿ. ಮಗನೂ, "ಅಪ್ಪಾ, ಇದರಲ್ಲಿ ಎಲ್ಲಿಯಾದರೂ ಪೆಟ್ಟಾದರೆ ಬಾಗಿಲಿನ ಪಕ್ಕ ಕೂತವರ ಗತಿಯೇನು?" ಎಂದು ಕೇಳಿದ. ಅವನ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೂರು ವರ್ಷ ಅದೇ ಗಾಡಿಯಲ್ಲಿ ಮೊಮ್ಮಕ್ಕಳನ್ನು ಕೂಡಿಸಿಕೊಂಡು ತಿರುಗಿದ್ದೆವು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕೊಡುವುದೇ ಸರಿಯೆಂದು ನಿಶ್ಚಯಿಸಿ ಮನೆಯವರಿಗೆ ಹೇಳಿದೆವು. ಇಷ್ಟು ವರ್ಷ ಗ್ರೀಸಿನ ಕಲೆಯ ಅಂಗಿಗಳನ್ನು ಒಗೆದು ಗೊಣಗಿದವರು, ಭಾನುವಾರಗಳನ್ನೆಲ್ಲ ಈ ಸವತಿಗೆ ಕಳೆದುಕೊಂಡವರು, ಸಂತೋಷಪಡುತ್ತಾರೆಂದು ನಾವು ತಿಳಿದಿದ್ದೆವು. ಅವರು ಕಾಫಿಯ ಲೋಟ ಕೆಳಗಿಟ್ಟು, "ಪುಟ್ಟಿ ಮೆತ್ತಿದ್ದು ನೀವು. ಗಾಡಿಯದೇನು ತಪ್ಪು?" ಎಂದು ಮಾತ್ರ ಕೇಳಿದರು. ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ಸುಳ್ಳಾದರೆ ಅವರೇ ಹೇಳಲಿ.

ಲೇತಿನವರ ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗಿನವರು ಇದ್ದರಲ್ಲ, ಅಲ್ಲಿಗೇ ಗಾಡಿಯನ್ನು ಸಾಗಿಸಿದೆವು. ನಾವು ಅವಸರದಿಂದ ಹೊಸ್ತಿಲು ಕೊಯ್ಯಲು ಹೇಳಿದಾಗ ಅವರು ಒಪ್ಪಲಿಲ್ಲ. ಎಲುಬನ್ನು ಕತ್ತರಿಸಿದರೆ ಗಾಡಿ ನಡುವಿನಲ್ಲಿ ಜೋಲುತ್ತದೆ. ಹಾಗೆಯೇ ಹೊಸ ತಗಡು ಬೆಸೆದರೆ ಮತ್ತೆಂದೂ ಬಾಗಿಲು ಹಾಕಿಕೊಳ್ಳುವುದಿಲ್ಲ. ಆದಕಾರಣ ಮೊದಲು ನಾಲ್ಕೂ ಮೂಲೆಗಳಿಗೆ ಸಮನಾಗಿ ಊರೆ ಕೊಟ್ಟು, ಬಾಗಿಲಿನ ತೆರಪಿಗೆ ಅಡ್ಡವಾಗಿ ಕಬ್ಬಿಣದ ಕೋನಪಟ್ಟಿ ಬೆಸೆದು ಬಿಗಿಮಾಡಿದರು. ಆಮೇಲೆ ಒಂದು ಪಕ್ಕವನ್ನು ಪೂರ್ತಿ ಮುಗಿಸಿ, ಅನಂತರವೇ ಇನ್ನೊಂದು ಪಕ್ಕ. ಹೊಸ ಹೊಸ್ತಿಲನ್ನು ಮಾರುವವರಿಲ್ಲ. ತಗಡನ್ನು ಮಡಿಸಿ, ಸುತ್ತಿಗೆಯಿಂದ ತಟ್ಟಿ, ಹಳೆಯ ಚೂರಿನ ಪಕ್ಕದಲ್ಲಿಟ್ಟು ಮಾಡಿದರು. ಒಳಗೆ ತುಕ್ಕುತಡೆಯ ಬಣ್ಣ, ಮೇಣದಂಥ ಲೇಪ, ಮತ್ತು ನೀರು ಹರಿದುಹೋಗಲು ತಳದಲ್ಲಿ ರಂಧ್ರಗಳು. ಈ ರಂಧ್ರಗಳು ಮೊದಲೇ ಇದ್ದವು! ನಮ್ಮ ಪುಟ್ಟಿಯೇ ಅವುಗಳನ್ನು ಮುಚ್ಚಿತ್ತು. ಈಗ ಪ್ರತಿ ಮಳೆಗಾಲದ ಮೊದಲು ಒಂದು ತಂತಿ ತೆಗೆದುಕೊಂಡು ಅವನ್ನು ಚುಚ್ಚಿ ನೋಡುವುದು ನಮ್ಮ ವ್ರತ.

ವ್ರತಗಳು ಇನ್ನೂ ಕೆಲವಿವೆ. ಮುಂದಿನ ಚಕ್ರಗಳ ಕಿಂಗ್‌ಪಿನ್ನಿಗೆ ಗ್ರೀಸು ಹೊಡೆಯುವುದು. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಹೊರಡಿಸಿ, ನಿಂತಲ್ಲೇ ಗುರುಗುಟ್ಟಿಸದೆ, ಹತ್ತು ಮೈಲು ಓಡಿಸುವುದು. ಬ್ರೇಕಿನ ಎಣ್ಣೆ ನೀರು ಹೀರುವ ಗುಣದ್ದಾದ್ದರಿಂದ ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು. ಇವು ಎಲ್ಲರಿಗೂ ಗೊತ್ತು. ಹೊಸದಾಗಿ ಬಂದ ವ್ರತ ಪೆಟ್ರೋಲಿನದು. 2025ರಿಂದ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲು. ಕಬ್ಬಿನ ರೈತರಿಗೆ ಒಳ್ಳೆಯದಾಗಲಿ, ನಮ್ಮ ತಕರಾರಿಲ್ಲ. ಆದರೆ 1969ರಲ್ಲಿ ರಬ್ಬರಿನ ಕೊಳವೆ ಮಾಡಿದವರಿಗೆ ಎಥೆನಾಲಿನ ಕನಸು ಬಿದ್ದಿರಲಿಲ್ಲ. ಅದು ಹಳೆಯ ರಬ್ಬರನ್ನು ಉಬ್ಬಿಸಿ ಬಿರುಕುಬಿಡಿಸುತ್ತದೆ, ಪಂಪಿನ ಡಯಾಫ್ರಾಮನ್ನು ಕೆಡಿಸುತ್ತದೆ, ಗಾಳಿಯ ತೇವ ಹೀರಿ ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿಸುತ್ತದೆ. ಒಂದು ಮುಂಜಾನೆ ಗಾಡಿಯ ಬಳಿ ಪೆಟ್ರೋಲಿನ ವಾಸನೆ ಬಂತು. ಬಾನೆಟ್ ಎತ್ತಿದರೆ ಕೊಳವೆಯಿಂದ ಹನಿ, ಅದರ ಗೇಣು ದೂರದಲ್ಲಿ ಕಾಯುವ ಹೊಗೆಕೊಳವೆ. ಅಲ್ಲಿ ಒಂದು ಕಿಡಿ ಸಾಕಾಗಿತ್ತು. ಅಂದೇ ಎಲ್ಲ ಕೊಳವೆಗಳನ್ನೂ ಎಥೆನಾಲ್ ತಾಳುವ ಫ್ಲೋರೋ ರಬ್ಬರಿನವಕ್ಕೆ ಬದಲಿಸಿದೆವು. ಕಾರ್ಬುರೇಟರಿನ ಜೆಟ್ಟನ್ನೂ ಒಂದು ಅಳತೆ ದೊಡ್ಡದು ಮಾಡಬೇಕಾಯಿತು, ಏಕೆಂದರೆ ಈ ಪೆಟ್ರೋಲಿನಲ್ಲಿ ಮಿಶ್ರಣ ತೆಳುವಾಗಿ ಇಂಜಿನು ಕಾಯುತ್ತದೆ. ಹಳೆಯ ಗಾಡಿಯುಳ್ಳವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಉಳಿದ ಭಾಷಣ ಮರೆತರೂ ಇದೊಂದನ್ನು ಮರೆಯಬೇಡಿ: ಮನೆಗೆ ಹೋದೊಡನೆ ಕೊಳವೆ ಮುಟ್ಟಿ ನೋಡಿ.

ಕಾನೂನಿನ ವಿಷಯ ಬೇಗ ಮುಗಿಸುತ್ತೇವೆ. ಕೇಂದ್ರ ಸರಕಾರ 2021ರಲ್ಲಿ ಮಾಡಿದ ನಿಯಮದಂತೆ, 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ವಿಂಟೇಜ್ ನೋಂದಣಿ ದೊರೆಯುತ್ತದೆ (ಸರಕಾರದ ವಿಂಟೇಜು ಪಂಡಿತರ ವಿಂಟೇಜಿಗಿಂತ ಉದಾರ). ಹತ್ತು ವರ್ಷಕ್ಕೆ 20,000 ರೂಪಾಯಿ, ಆಮೇಲೆ ನವೀಕರಣಕ್ಕೆ 5,000, ಫಲಕದಲ್ಲಿ 'ವಿ.ಎ.' ಎಂಬ ಗೌರವದ ಅಕ್ಷರಗಳು. ಆದರೆ ಅಂಥ ಗಾಡಿ ಪ್ರದರ್ಶನಕ್ಕೆ, ರ್‍ಯಾಲಿಗೆ, ದುರಸ್ತಿಗೆ, ಪೆಟ್ರೋಲು ತುಂಬಿಸುವುದಕ್ಕೆ ಇತ್ಯಾದಿಯಾಗಿ ಮಾತ್ರ ಬೀದಿಗೆ ಇಳಿಯಬೇಕು. ತರಕಾರಿ ತರುವಂತಿಲ್ಲ, ಮದುವೆಗೆ ಹೋಗುವಂತಿಲ್ಲ. ಸಾಮಾನ್ಯ ನೋಂದಣಿಯಲ್ಲಿಯೇ ಉಳಿದರೆ ಐದು ವರ್ಷಕ್ಕೊಮ್ಮೆ ತಪಾಸಣೆ, ಪರಿಸರ ತೆರಿಗೆ. ನವೀಕರಣದ ಶುಲ್ಕ 2022ರಲ್ಲಿ 5,000 ರೂಪಾಯಿಗೆ ಏರಿದ್ದು, 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ನಾವು ಬಹಳ ಯೋಚಿಸಿ ಸಾಮಾನ್ಯದಲ್ಲಿಯೇ ಉಳಿದೆವು. ಮಾವನವರು ಸರದಿ ಕಾದದ್ದು ಪ್ರದರ್ಶನಕ್ಕಾಗಿ ಅಲ್ಲ. ಹೊಸ ಹೊಸ್ತಿಲು ಹಾಕಿದ ಮೇಲೆ ಗಾಡಿಯನ್ನು ಇಡೀ ಜಾಗ್ರತೆಯಿಂದ ಓಡಿಸುತ್ತೇವೆ. ಮೊಮ್ಮಕ್ಕಳನ್ನು ಹೆದ್ದಾರಿಗೆ ಮಾತ್ರ ಕರೆದೊಯ್ಯುವುದಿಲ್ಲ. ಅದಕ್ಕೆ ಮಗನ ಹೊಸ ಕಾರಿದೆ. ಅವನ ಪ್ರಶ್ನೆಗೆ ನಾವು ಕೊಡಬಲ್ಲ ಉತ್ತರ ಇಷ್ಟೇ.

ಇನ್ನು ನಮ್ಮ ಈಗಿನ ಚಿಂತೆ ಬೇರೆ. ರಬಾಳೆಯಲ್ಲಿ ಗಾಜಿನ ಕಟ್ಟಡಗಳೂ ಡೇಟಾ ಸೆಂಟರುಗಳೂ ಏಳುತ್ತಿವೆ. ಶೆಡ್ಡುಗಳ ಬಾಡಿಗೆ ಏರುತ್ತಿದೆ. ಉಸ್ತಾದರು ಕಳೆದ ವರ್ಷ ಪಾನಾ ಕೆಳಗಿಟ್ಟು ಊರಿಗೆ ಹೋದರು. ಹೋಗುವಾಗ ತಮ್ಮ ಫೀಲರ್ ಗೇಜನ್ನು ನಮಗೆ ಕೊಟ್ಟು, ಟ್ಯಾಪೆಟ್ ಇಡುವುದನ್ನು ನಾಲ್ಕು ಸಲ ಮಾಡಿಸಿ, ನಾಲ್ಕೂ ಸಲ ತಪ್ಪು ತೋರಿಸಿದರು. ಇಂಡಿಯ ನಮ್ಮ ಲೇತಿನವರು ಶೆಡ್ಡು ಬಿಟ್ಟು ತಳೋಜಾಕ್ಕೆ ಹೋಗಿದ್ದಾರೆ. ಅವರ ಮಗ ಐ.ಟಿ.ಐ. ಓದುತ್ತಿದ್ದಾನೆ, ರಜೆಯ ದಿನ ಅಪ್ಪನ ಪಕ್ಕದಲ್ಲಿ ನಿಂತು ಕೆಲಸ ನೋಡುತ್ತಾನೆಂದು ಕೇಳಿ ನಮಗೆ ಸ್ವಂತ ಮೊಮ್ಮಗ ತೇರ್ಗಡೆಯಾದಷ್ಟು ಆನಂದವಾಯಿತು.

ಗೇರುಪೆಟ್ಟಿಗೆಯಲ್ಲಿ ಎರಡನೆಯ ಗೇರು ಸ್ವಲ್ಪ ಕೂಗುತ್ತಿದೆ. ಒಳಗಿನ ಬುಷ್ ಸವೆದಿರಬೇಕು. ಬರುವ ಭಾನುವಾರ ಬೆಳಿಗ್ಗೆ, ದಟ್ಟಣೆ ಆಗುವುದರೊಳಗೆ, ತಳೋಜಾಕ್ಕೆ ಹೊರಟಿದ್ದೇವೆ. ಗಾಡಿ ಈಗ ಸಭಾಂಗಣದ ಹೊರಗೆ, ನೀರಿನ ಟ್ಯಾಂಕರಿನ ಪಕ್ಕದಲ್ಲಿ ನಿಂತಿದೆ. ನೋಡಬೇಕೆಂಬವರು ಉಪಾಹಾರವಾದ ಮೇಲೆ ಬನ್ನಿ. ಭಾನುವಾರ ಹಿಂದಿನ ಸೀಟಿನಲ್ಲಿ ಇಬ್ಬರಿಗೆ ಜಾಗವಿದೆ. ಬರುವವರು ಹಳೆಯ ಅಂಗಿ ಹಾಕಿಕೊಂಡು ಬರಬೇಕು, ನೂಕುವ ಪ್ರಸಂಗ ಒದಗಿದರೆ ಬೇಸರಿಸಬಾರದು.